ಮಾವನವರ ಗಿಳಿಯನ್ನು ಕಾಡಿಗೆ ಬಿಟ್ಟುಬಿಡಲೇ?

ಪ್ರಶ್ನೆ

ನಮಸ್ಕಾರ ಡಾಕ್ಟ್ರೇ. ನಾವು ಕುಂದಾಪುರದ ಕಡೆಯವರು. ಡೊಂಬಿವಲಿಗೆ ಬಂದು 22 ವರ್ಷ ಆಯಿತು. ನಮ್ಮ ಮಾವ ಮಾಟುಂಗದ ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದವರು. 9 ವರ್ಷದ ಹಿಂದೆ ಒಂದು ರಾತ್ರಿ ಸ್ಟೇಷನ್ ಹೊರಗೆ ಯಾರೋ ಮಾರುತ್ತಿದ್ದ ಗಿಳಿಮರಿಯನ್ನು 300 ರೂಪಾಯಿಗೆ ತಂದರು. ಪುಕ್ಕ ಕೂಡ ಬಲಿತಿರಲಿಲ್ಲ. ಮಿಠ್ಠು ಎಂದು ಹೆಸರಿಟ್ಟು ಅವರೇ ಸಾಕಿದರು. ಸೂರ್ಯಕಾಂತಿ ಬೀಜ, ಹಸಿಮೆಣಸು, ಚಹಾದಲ್ಲಿ ಅದ್ದಿದ ಬಿಸ್ಕತ್ತು ಅದರ ಊಟ. ಹೋದ ವರ್ಷ ಮಾವ ತೀರಿಕೊಂಡರು. ಅಲ್ಲಿಂದ ಮಿಠ್ಠು ತನ್ನ ಎದೆಯ ಪುಕ್ಕ ಕಿತ್ತುಕೊಳ್ಳುತ್ತಿದೆ. ಬೆಳಿಗ್ಗೆ ಮಾವನದೇ ದನಿಯಲ್ಲಿ "ಪೇಪರ್ ಬಂತಾ?" ಎಂದು ಕೇಳುತ್ತದೆ. ಅತ್ತೆ ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕುತ್ತಾರೆ. ಸಂಜೆ ಸೊಸೈಟಿಯ ಮಳೆಮರಕ್ಕೆ ಕಾಡುಗಿಳಿಗಳ ಹಿಂಡು ಬಂದರೆ ಇದೂ ಒಳಗಿಂದ ಕಿರುಚುತ್ತದೆ. ಮಗಳಿಗೆಂದು ತಂದ ಒಂದು ಜೊತೆ ಲವ್ ಬರ್ಡ್ಸ್ ಕೂಡ ಮನೆಯಲ್ಲಿವೆ.

ಈಗ ಮಾವನ ವರ್ಷಾಂತಿಕ ಹತ್ತಿರ ಬಂತು. ಪಂಜರದ ಹಕ್ಕಿಯನ್ನು ಬಿಟ್ಟರೆ ಅವರಿಗೆ ಸದ್ಗತಿ ಎಂದು ಅತ್ತೆಗೆ ಯಾರೋ ಹೇಳಿದ್ದಾರೆ. ಮಿಠ್ಠುವನ್ನೂ ಲವ್ ಬರ್ಡ್ಸನ್ನೂ ಯೇವೂರಿನ ಕಾಡಿಗೆ ಬಿಟ್ಟು, ಜೊತೆಗೆ ಮಾರ್ಕೆಟ್ಟಿನಿಂದ ಒಂದು ಡಜನ್ ಸಣ್ಣ ಹಕ್ಕಿ ಕೊಂಡು ಹಾರಿಸೋಣ ಎನ್ನುತ್ತಾರೆ. ಗಿಳಿ ಸಾಕುವುದೇ ಅಪರಾಧ ಎಂದು ಮಗಳ ಟೀಚರ್ ಹೇಳಿದ್ದಾರಂತೆ. ನಮ್ಮವರು "ಕಾನೂನು ಹೊಸ ಗಿಳಿಗೆ ಮಾತ್ರ, ನಮ್ಮದು ಹಳೆಯದು" ಎನ್ನುತ್ತಾರೆ. ಯಾರ ಮಾತು ಸರಿ? ಫೋಟೊ ಕಳಿಸಿದ್ದೇನೆ.

ಉತ್ತರ

ಪೂರ್ತಿ ಉತ್ತರಕ್ಕೆ ಮೊದಲು ಒಂದು ಮಾತು: ಯಾವ ಹಕ್ಕಿಯನ್ನೂ ಎಲ್ಲಿಯೂ ಬಿಡಬೇಡಿ. ವರ್ಷಾಂತಿಕದೊಳಗೆ ಇಷ್ಟು ನಿರ್ಧಾರವಾದರೆ ಸಾಕು, ಉಳಿದದ್ದನ್ನು ನಿಧಾನವಾಗಿ ಮಾಡಬಹುದು.

ಪರೇಲಿನ ಪಶುವೈದ್ಯ ಕಾಲೇಜಿನಲ್ಲಿ ಓದಿ ಹೊರಬಿದ್ದ ಮೇಲೆ 26 ವರ್ಷಗಳಿಂದ ಮುಂಬಯಿ, ಠಾಣೆಗಳಲ್ಲಿ ನಾನು ಹೆಚ್ಚಾಗಿ ನೋಡುತ್ತ ಬಂದದ್ದು ಹಕ್ಕಿಗಳನ್ನೇ. "ಬಿಟ್ಟುಬಿಡೋಣ" ಎಂದು ಬಂದವರಲ್ಲಿ ಕೆಟ್ಟ ಮನಸ್ಸಿನವರನ್ನು ನಾನು ಕಂಡಿಲ್ಲ. ಮನೆಯಲ್ಲಿ ಒಬ್ಬರು ಹೋದಾಗ, ಮಕ್ಕಳು ಪರೀಕ್ಷೆಗೆ ಕೂತಾಗ, ಊರಿಗೆ ಹೋಗಿ ನೆಲೆಸಬೇಕೆಂದಾಗ ಈ ಯೋಚನೆ ಬರುತ್ತದೆ. ನಿಮ್ಮ ಅತ್ತೆಯವರ ಮನಸ್ಸಿನಲ್ಲಿರುವುದೂ ಎರಡೇ ಚಿಂತೆ: ಹೋದವರಿಗೆ ಒಳ್ಳೆಯದಾಗಬೇಕು, ಇರುವ ಹಕ್ಕಿಗೆ ಅನ್ಯಾಯವಾಗಬಾರದು. ಎರಡನ್ನೂ ನಡೆಸಿಕೊಡಬಹುದು. ಆದರೆ ನೀವು ಬರೆದಿರುವ ಮೂರು ಬಗೆಯ ಹಕ್ಕಿಗಳ ಹಣೆಬರಹ ಮೂರು ಥರ. ಅವನ್ನು ಒಟ್ಟು ಸೇರಿಸಿ ಒಂದೇ ಪರಿಹಾರ ಹುಡುಕಿದರೆ ಮೂರಕ್ಕೂ ಕೇಡು.

ಮಿಠ್ಠುವಿನಿಂದ ಶುರುಮಾಡುತ್ತೇನೆ. ಫೋಟೊ ನೋಡಿದೆ. ಹೆಗಲ ಮೇಲೆ ಕೆಂಪು ಮಚ್ಚೆ ಇಲ್ಲ, ಹಾಗಾಗಿ ದೊಡ್ಡ ಜಾತಿಯ ಅಲೆಗ್ಸಾಂಡ್ರಿನ್ ಗಿಳಿಯಲ್ಲ. ನಮ್ಮ ಊರು, ಪೇಟೆ, ತೋಟಗಳಲ್ಲೆಲ್ಲ ಕಾಣುವ ಕೊರಳುಂಗುರದ ಗಿಳಿಯೇ. ಗಂಡಾಗಿದ್ದರೆ ಸುಮಾರು ಮೂರನೇ ವರ್ಷಕ್ಕೆ ಕೊರಳಲ್ಲಿ ಕಪ್ಪು, ಗುಲಾಬಿ ಬಣ್ಣದ ಉಂಗುರ ಮೂಡಬೇಕಿತ್ತು. 9 ವರ್ಷವಾದರೂ ಕೊರಳು ಬರಿದಾಗಿದೆ ಎಂದರೆ ನಿಮ್ಮ ಮಿಠ್ಠು ಹೆಣ್ಣು.

ಕಾನೂನಿನ ವಿಷಯದಲ್ಲಿ ಟೀಚರ್ ಮಾತೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಗಿಳಿ ಮೊದಲು ನಾಲ್ಕನೇ ಅನುಸೂಚಿಯಲ್ಲಿ, ಅಂದರೆ ರಕ್ಷಣೆ ಇರುವ ಜೀವಿಗಳ ನಾಲ್ಕನೇ ಪಟ್ಟಿಯಲ್ಲಿ, ಇತ್ತು. ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಎರಡನೇ ಅನುಸೂಚಿಗೆ ಬಂತು. ನಿಮ್ಮ ಯಜಮಾನರು ಕೇಳಿದ ಸುದ್ದಿ ಹುಟ್ಟಿದ್ದು ಇಲ್ಲಿಂದ ಇರಬೇಕು. 2023ಕ್ಕೆ ಮೊದಲು ಗಿಳಿ ಸಾಕುವುದು ತಪ್ಪಾಗಿರಲಿಲ್ಲವೆಂದು ಎಷ್ಟೋ ಮಂದಿ ನಂಬಿದ್ದಾರೆ. ಬದಲಾದದ್ದು ಪಟ್ಟಿ ಮಾತ್ರ. ನಮ್ಮ ನಾಡಿನ ಹಕ್ಕಿಗಳನ್ನು ಹಿಡಿದು ಮಾರುವುದಕ್ಕೆ 1990-91ರಿಂದಲೇ ಪೂರ್ತಿ ನಿಷೇಧವಿದೆ. ಮಾವನವರು ತಂದ ದಿನವೂ ಆ ಮಾರಾಟ ಕಾನೂನಿಗೆ ಹೊರಗಿನದೇ. ತಪ್ಪಿಗೆ 3 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ ಆಗಬಹುದು. "ಸರ್ಟಿಫಿಕೇಟ್ ಮಾಡಿಸಿಕೊಡುತ್ತೇನೆ" ಎನ್ನುವವರೂ ಸಿಗುತ್ತಾರೆ. ಅವರಿಗೆ ದುಡ್ಡು ಕೊಡಬೇಡಿ. ಮನೆಯಲ್ಲಿ ನಾಡಗಿಳಿ ಇಟ್ಟುಕೊಳ್ಳಲು ಅಂಥ ಕಾಗದ ಇಲ್ಲ.

ಇದನ್ನು ಹೆದರಿಸಲು ಬರೆಯುತ್ತಿಲ್ಲ. ಮಾವನವರನ್ನು ಅಪರಾಧಿ ಎಂದು ನೆನೆಯುವ ಅಗತ್ಯವೂ ಇಲ್ಲ. ಆ ಕಾಲದಲ್ಲಿ ಅರ್ಧ ಮುಂಬಯಿಗೆ ಇದು ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲದವರೇ ಹೆಚ್ಚು. ಆದರೆ 300 ರೂಪಾಯಿಯ ಆ ಮರಿ ಎಲ್ಲಿಂದ ಬಂತು ಎಂಬುದನ್ನು ತಿಳಿದುಕೊಳ್ಳಲೇಬೇಕು. ಗಿಳಿ ಗೂಡು ಕಟ್ಟುವುದಿಲ್ಲ, ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ನಮ್ಮ ಕಡೆ ಜನವರಿಯಿಂದ ಮೇವರೆಗೆ ಅದರ ಬಾಣಂತನದ ಕಾಲ. ಮರಿ ಹಿಡಿಯುವವನು ಪೊಟರೆಯ ಬಾಯಿಯನ್ನು ಕತ್ತಿಯಿಂದ ಅಗಲಿಸುತ್ತಾನೆ, ಇಲ್ಲವೇ ಕೊಂಬೆಯನ್ನೇ ಕಡಿದು ಇಳಿಸುತ್ತಾನೆ. ಮರಿಗಳನ್ನು ಚೀಲದಲ್ಲೋ ರಟ್ಟಿನ ಡಬ್ಬಿಯಲ್ಲೋ ತುಂಬಿ ಬಸ್ಸು, ರೈಲು ಹತ್ತಿಸುತ್ತಾನೆ. ದಾರಿಯಲ್ಲಿ ಎಷ್ಟೋ ಸಾಯುತ್ತವೆ. ಹಾಗೆ ಹಾಳಾದ ಪೊಟರೆಗೆ ಮರುವರ್ಷ ಗಿಳಿಯೂ ಬರುವುದಿಲ್ಲ. ಅದೇ ಪೊಟರೆಯನ್ನು ನಂಬಿದ್ದ ಹಾಲಕ್ಕಿ, ಗೊರವಂಕ, ಮಡಿವಾಳ ಹಕ್ಕಿಗಳಿಗೂ ಮನೆಯಿಲ್ಲ. ಗಿಳಿಗೆ ತಾನೇ ಮರ ಕೊರೆಯುವ ಬಲ ಸಾಲದು. ಮರಕುಟಿಗವೋ ಕುಟ್ರ ಹಕ್ಕಿಯೋ ಕೊರೆದು ಬಿಟ್ಟದ್ದನ್ನು ಸ್ವಲ್ಪ ಅಗಲ ಮಾಡಿಕೊಳ್ಳುತ್ತದೆ. ಇರುವ ಪೊಟರೆಗಳೇ ಎಲ್ಲರ ಆಸ್ತಿ. ಮಿಠ್ಠು ಹೊರಟು ಬಂದದ್ದು ಅಂಥ ಒಂದು ಮನೆಯಿಂದ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಕಾಡಿನಿಂದ ಬಂದದ್ದನ್ನು ಕಾಡಿಗೆ ಬಿಟ್ಟರೆ ತಪ್ಪೇನು? ಸಂಜೆ ಹಿಂಡು ಬಂದಾಗ ಅದು ಕಿರುಚುವುದು ಹೋಗುವ ಆಸೆಯಿಂದಲ್ಲವೇ? ಹಿಂಡಿನ ಗಿಳಿಗಳು ಒಂದನ್ನೊಂದು ಕರೆಯುವ ಕೂಗಿದೆ, ಅದನ್ನು ಅದು ಕೇಳಿಸಿಕೊಳ್ಳುತ್ತದೆ, ಉತ್ತರ ಕೊಡುತ್ತದೆ. ಅದು ನಿಜ. ಅದರ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಉತ್ತರ ಕೊಡಲು ಬರುವುದಕ್ಕೂ ಹಿಂಡಿನಲ್ಲಿ ಬದುಕಲು ಬರುವುದಕ್ಕೂ ನಡುವೆ ದೊಡ್ಡ ಕಲಿಕೆ ಇದೆ. ಗಿಳಿಮರಿ ಪೊಟರೆಯಿಂದ ಹೊರಬಿದ್ದ ಮೇಲೂ ಕೆಲವು ವಾರ ತಂದೆತಾಯಿಯ ಬೆನ್ನಿಗೇ ಹಾರುತ್ತದೆ. ಯಾವ ಮರ ಯಾವ ತಿಂಗಳಲ್ಲಿ ಹಣ್ಣಾಗುತ್ತದೆ, ಗಿಡುಗದ ನೆರಳು ಬಿದ್ದರೆ ಎತ್ತ ತಿರುಗಬೇಕು, ರಾತ್ರಿ ಎಲ್ಲಿ ಒಟ್ಟು ಸೇರಬೇಕು ಎಂಬುದೆಲ್ಲ ಆಗ ಕಲಿಯುವ ಪಾಠ. ಮಿಠ್ಠುವನ್ನು ಕಿತ್ತು ತಂದದ್ದು ಆ ಪಾಠಕ್ಕೆ ಮೊದಲೇ. ಅದಕ್ಕೆ ಗೊತ್ತಿರುವ ಹಿಂಡು ನಿಮ್ಮ ಮನೆಯವರು. ಇದರ ಮೇಲೆ, 9 ವರ್ಷ ಸಣ್ಣ ಪಂಜರದಲ್ಲಿ ಕೂತ ಹಕ್ಕಿಯ ಎದೆಯ ಮಾಂಸಖಂಡ ಸೊರಗಿರುತ್ತದೆ. ರೆಕ್ಕೆ ಅಗಲಿಸುವುದು ಬೇರೆ, ಅರ್ಧ ಕಿಲೋಮೀಟರ್ ಹಾರುವುದು ಬೇರೆ.

ಕೆಲವು ವರ್ಷಗಳ ಹಿಂದೆ ಗಣಪತಿ ಹಬ್ಬದ ಮರುದಿನ ರಿಕ್ಷಾ ಓಡಿಸುವವರೊಬ್ಬರು ಗಿಳಿಯೊಂದನ್ನು ಅಂಗಿಯಲ್ಲಿ ಸುತ್ತಿ ತಂದರು. ಯಾರೋ ಬಿಟ್ಟದ್ದು. ರಿಕ್ಷಾ ಸ್ಟ್ಯಾಂಡಿನಲ್ಲಿ ಇವರ ಹೆಗಲ ಮೇಲೆ ಬಂದು ಕೂತಿತಂತೆ. ಅಷ್ಟರಲ್ಲೇ ಕಾಗೆಗಳು ಅದರ ನೆತ್ತಿಯ ಚರ್ಮ ಕಿತ್ತಿದ್ದವು. ನನ್ನ ಮೇಜಿನ ಮೇಲೆ ಮಲಗಿಸಿ ಗಾಯ ತೊಳೆಯುವಾಗ ಅದು ಮೆಲ್ಲಗೆ "ರಾಮ್ ರಾಮ್" ಎಂದಿತು. ಎರಡನೇ ದಿನ ಹೋಯಿತು. ಅದನ್ನು ಬಿಟ್ಟವರು ಎಲ್ಲೋ ನೆಮ್ಮದಿಯಾಗಿ ಇದ್ದಿರಬೇಕು, ಹಾರಿ ಹೋಯಿತು ಎಂದುಕೊಂಡು. ಬಿಟ್ಟ ಹಕ್ಕಿ ಮೊದಲ ಮರದವರೆಗೆ ಹಾರಿದ್ದನ್ನಷ್ಟೇ ನಾವು ನೋಡಿರುತ್ತೇವೆ.

ಈಗ ಪುಕ್ಕ ಕೀಳುವ ವಿಷಯ. ಇದು ಅವಸರದ್ದು. ನಿಮ್ಮ ಫೋಟೊದಲ್ಲಿ ಎದೆ, ತೊಡೆ ಬೋಳಾಗಿದ್ದರೂ ತಲೆಯ ಪುಕ್ಕ ನುಣ್ಣಗಿದೆ. ತನ್ನ ಕೊಕ್ಕು ತಲುಪುವ ಜಾಗವನ್ನು ಮಾತ್ರ ಕಿತ್ತುಕೊಂಡಿದೆ ಎಂದರ್ಥ. ತಲೆಯೂ ಬೋಳಾಗಿದ್ದರೆ ಬೇರೆ ರೋಗವನ್ನು ಮೊದಲು ಹುಡುಕುತ್ತಿದ್ದೆ. ಮಾವನವರು ಹೋದ ದುಃಖ ಇದಕ್ಕೆ ಕಾರಣವೇ ಎಂದರೆ, ಇರಬಹುದು. ಒಬ್ಬರಿಗೇ ಹೊಂದಿಕೊಂಡ ಗಿಳಿ ಆ ಒಬ್ಬರು ಇಲ್ಲವಾದಾಗ ಹೀಗೆ ಮಾಡುವುದನ್ನು ತುಂಬ ಕಂಡಿದ್ದೇನೆ. ಆದರೆ ದುಃಖವೆಂದು ಹೇಳಿ ಕೈಕಟ್ಟಿ ಕೂತರೆ ಮೈಯೊಳಗಿನ ರೋಗ ತಪ್ಪಿಹೋಗುತ್ತದೆ. ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದ ಗಿಳಿಯಲ್ಲಿ ಲಿವರ್‌ಗೆ ಕೊಬ್ಬು ತುಂಬುವುದು, ಎ ಜೀವಸತ್ವ ಕಡಿಮೆಯಾಗಿ ಚರ್ಮ ಒಣಗಿ ತುರಿಸುವುದು ತೀರ ಸಾಮಾನ್ಯ. ಪಂಜರದ ತಂತಿಯ ಸತು ಲೇಪ ಎದ್ದಿದ್ದು ಅದನ್ನು ಕಡಿಯುತ್ತಿದ್ದರೆ ಸತು ಮೈಗೇರುತ್ತದೆ. ಹೆಣ್ಣಾದ್ದರಿಂದ ಮೊಟ್ಟೆಯ ಕಾಲದ ತೊಂದರೆಯೂ ಇರಬಹುದು. ಹಕ್ಕಿ ನೋಡುವ ವೈದ್ಯರಲ್ಲಿಗೆ ಒಯ್ಯಿರಿ. ಪರೇಲಿನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಲ್ಲೂ ಹಕ್ಕಿಗಳನ್ನು ನೋಡುತ್ತಾರೆ. ಲೋಕಲ್‌ನ ಗದ್ದಲದಲ್ಲಿ ಬೇಡ. ಪಂಜರಕ್ಕೆ ತೆಳು ಬಟ್ಟೆ ಹೊದಿಸಿ, ಬೆಳಗಿನ ತಂಪಿನಲ್ಲಿ ಕಾರಿನಲ್ಲೋ ರಿಕ್ಷಾದಲ್ಲೋ ಕರೆದೊಯ್ಯಿರಿ.

ಚಹಾ, ಬಿಸ್ಕತ್ತು ಇವತ್ತೇ ನಿಲ್ಲಿಸಿ. ಬೀಜವನ್ನು ಒಮ್ಮೆಲೇ ನಿಲ್ಲಿಸಬೇಡಿ, ಗಿಳಿ ಹಸಿದು ಕೂತುಬಿಡುತ್ತದೆ. ಎರಡು ಮೂರು ವಾರದಲ್ಲಿ ಕಡಿಮೆ ಮಾಡುತ್ತ ಪೇರಳೆ, ಪಪ್ಪಾಯಿ, ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪು, ಹರಿವೆ, ಮೊಳಕೆ ಬಂದ ಹೆಸರು ಅಭ್ಯಾಸ ಮಾಡಿಸಿ. ಹಸಿಮೆಣಸು ಇರಲಿ. ಮೆಣಸು ತಿಂದರೆ ಗಿಳಿಗೆ ಮಾತು ಬರುತ್ತದೆ ಎಂಬುದು ಸುಳ್ಳು. ಖಾರ ತಟ್ಟುವ ನರ ಹಕ್ಕಿಗೆ ನಮ್ಮ ಹಾಗೆ ಕೆಲಸ ಮಾಡುವುದಿಲ್ಲ, ಅದಕ್ಕೆ ಮೆಣಸು ಬರೀ ತರಕಾರಿ. ಬೆಣ್ಣೆಹಣ್ಣು, ಚಾಕೊಲೇಟ್, ಈರುಳ್ಳಿ, ಉಪ್ಪಿನ ತಿಂಡಿ ಬೇಡವೇ ಬೇಡ. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಇದರಿಂದ ಸತ್ತ ಹಕ್ಕಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ: ನಾನ್‌ಸ್ಟಿಕ್ ಕಾವಲಿ ಬರಿದಾಗಿ ಕಾಯ್ದು ಹೊಗೆ ಬಂದರೆ ಆ ಹೊಗೆ ಹಕ್ಕಿಯ ಶ್ವಾಸಕೋಶಕ್ಕೆ ವಿಷ, ನಿಮಿಷಗಳಲ್ಲಿ ಜೀವ ಹೋಗುತ್ತದೆ. ನಮ್ಮ ಒನ್ ಬಿಎಚ್‌ಕೆ ಮನೆಗಳಲ್ಲಿ ಅಡುಗೆಮನೆಗೂ ಪಂಜರಕ್ಕೂ ಹತ್ತು ಹೆಜ್ಜೆ. ಹಕ್ಕಿ ಇರುವ ತನಕ ಕಬ್ಬಿಣದ ಕಾವಲಿಯಲ್ಲೇ ದೋಸೆ ಹೊಯ್ಯಿರಿ. ಸೊಳ್ಳೆಬತ್ತಿಯೂ ಬೇಡ.

ಮುಂದೆ ಮಿಠ್ಠುವಿಗೆ ಇರುವ ದಾರಿಗಳು. ಗುಟ್ಟಾಗಿ ಇಟ್ಟುಕೊಳ್ಳುವುದು ಒಂದು. ಹೆಚ್ಚಿನವರು ಮಾಡುವುದು ಇದನ್ನೇ. ಕಾನೂನಿನ ಭಯ ಒಂದು ಕಡೆ ಇರಲಿ, ಗುಟ್ಟಿನ ಹಕ್ಕಿಗೆ ಔಷಧ ಸಿಗುವುದು ಕಷ್ಟ. ಕಾಯಿಲೆ ಬಂದರೆ ಮನೆಯವರು ಆಸ್ಪತ್ರೆಗೆ ತರಲು ಹೆದರಿ ಕಾಯುತ್ತಾರೆ, ಹಕ್ಕಿಯಾದರೋ ರೋಗವನ್ನು ಕೊನೆಯ ದಿನದವರೆಗೆ ಮುಚ್ಚಿಡುವ ಪ್ರಾಣಿ. ಈ ಗಿಳಿಗಳು ಪಂಜರದಲ್ಲಿ 20-30 ವರ್ಷ ಬದುಕಬಲ್ಲವು. ಮಿಠ್ಠುವಿಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ಆಯುಸ್ಸು ಇರಬಹುದು, ಅಷ್ಟು ವರ್ಷ ಅದು ಒಂಟಿ. ನಿಮ್ಮಷ್ಟಕ್ಕೆ ಬಿಡುವುದರ ಬಗ್ಗೆ ಆಗಲೇ ಹೇಳಿದೆ. ಅರಣ್ಯ ಇಲಾಖೆಗೆ ಒಪ್ಪಿಸುವುದು ಮೂರನೆಯದು, ನಾನು ಹೇಳುವುದು ಇದನ್ನೇ. ಇದರಲ್ಲೂ ಕಷ್ಟವಿಲ್ಲದೆ ಇಲ್ಲ. ಹೊಸ ಜಾಗದಲ್ಲಿ ಮೊದಲ ಕೆಲವು ದಿನ ಅದು ಸರಿಯಾಗಿ ತಿನ್ನದಿರಬಹುದು. ಆಶ್ರಯ ಕೇಂದ್ರಗಳಲ್ಲಿ ಜಾಗ ಕಡಿಮೆ, ಹಕ್ಕಿ ಹೆಚ್ಚು. 9 ವರ್ಷ ಮನುಷ್ಯರ ಕೈಯಲ್ಲಿ ಬೆಳೆದದ್ದು ಮತ್ತೆ ಆಕಾಶಕ್ಕೆ ಹೋಗುತ್ತದೆ ಎಂದು ಯಾರೂ ಮಾತು ಕೊಡಲಾರರು, ನಾನೂ ಕೊಡುವುದಿಲ್ಲ. ಆದರೆ ಅಲ್ಲಿ ಅದಕ್ಕೆ ತನ್ನ ಜಾತಿಯ ಜೊತೆ ಸಿಗುವ ಸಾಧ್ಯತೆ ಇದೆ. ರೆಕ್ಕೆ ಬಿಚ್ಚುವಷ್ಟು ದೊಡ್ಡ ಪಂಜರದಲ್ಲಿ ತಿಂಗಳುಗಟ್ಟಲೆ ಹಾರಿಸಿ, ಕಾಡಿನ ಆಹಾರ ಗುರುತಿಸಲು ಕಲಿಸಿ, ಹಿಂಡಾಗಿ ಹೊರಬಿಡುವ ಕ್ರಮ ಇದೆ. ಹಾಗೆ ಹೋಗಿ ಬದುಕಿದ ಗಿಳಿಗಳಿವೆ. ಅದಕ್ಕೆ ಆಗದಿದ್ದರೆ ದೊಡ್ಡ ಪಂಜರದಲ್ಲಿ ಇತರ ಗಿಳಿಗಳ ನಡುವೆ ಉಳಿಯುತ್ತದೆ. ನಿಮ್ಮ ಬಾಲ್ಕನಿಗಿಂತ ಅದು ಮೇಲು.

ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನ್ ಮಾಡಿ, ಇಲ್ಲವೇ ಠಾಣೆಯ ಅರಣ್ಯ ಕಚೇರಿಗೇ ಹೋಗಿ. ಗಿಳಿ ಯಾವಾಗ ಬಂತು, ಯಾರು ತಂದರು, ಅವರು ತೀರಿಕೊಂಡದ್ದು, ನೀವಾಗಿಯೇ ಒಪ್ಪಿಸುತ್ತಿರುವುದು, ಇಷ್ಟನ್ನು ಸತ್ಯವಾಗಿ ಒಂದು ಪುಟದಲ್ಲಿ ಬರೆದುಕೊಡಿ. ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಯಾರೋ "ನಾವು ಸಂಸ್ಥೆಯವರು" ಎಂದು ಮನೆಗೆ ಬಂದರೆ ಇಲಾಖೆಯ ಕಾಗದ ನೋಡದೆ ಹಕ್ಕಿ ಕೊಡಬೇಡಿ. ಹಾಗೆ ಹೋದ ಗಿಳಿಗಳು ಮತ್ತೆ ಮಾರಾಟಕ್ಕೆ ಬರಬಹುದು. ಕೇಸು ಆಗುತ್ತದೆಯೇ ಎಂಬುದು ನಿಮ್ಮ ಯಜಮಾನರ ಮುಂದಿನ ಪ್ರಶ್ನೆ ಇದ್ದೀತು. ತಾವೇ ಬಂದು ಒಪ್ಪಿಸಿದ ಮನೆಯವರ ಮೇಲೆ ಕೇಸು ಹಾಕಿದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಆದರೂ ಇದು ವೈದ್ಯನ ಅನುಭವ, ಕಾನೂನಿನ ಭರವಸೆಯಲ್ಲ. ಪರಿಚಯದ ವಕೀಲರಿದ್ದರೆ ಅರ್ಜಿಯನ್ನು ಒಮ್ಮೆ ತೋರಿಸಿ.

ಇನ್ನು ಮಗಳ ಲವ್ ಬರ್ಡ್ಸ್. ಎರಡನೇ ಫೋಟೊದಲ್ಲಿರುವುವು ಲವ್ ಬರ್ಡ್ಸ್ ಅಲ್ಲ. ತಲೆ, ಬೆನ್ನ ಮೇಲೆ ಗೆರೆಗೆರೆ ಇರುವ ಈ ಪುಟ್ಟ ಹಕ್ಕಿ ಆಸ್ಟ್ರೇಲಿಯಾದ ಬಜರಿಗಾರ್. ನಮ್ಮ ದೇಶದ ಅಂಗಡಿಗಳಲ್ಲೆಲ್ಲ ಇದಕ್ಕೆ ಲವ್ ಬರ್ಡ್ಸ್ ಎಂದೇ ಹೆಸರು ಬಿದ್ದುಹೋಗಿದೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಗಿಡ್ಡ ಬಾಲದ ದಪ್ಪ ಹಕ್ಕಿ. ಹೆಸರಿನ ಈ ಗೊಂದಲ ಸಣ್ಣದಲ್ಲ, ಕಾನೂನು ಅದರ ಮೇಲೆ ನಿಂತಿದೆ. ಬಜರಿಗಾರ್, ಕಾಕಟಿಲ್, ಗುಲಾಬಿ ಮುಖದ ಲವ್ ಬರ್ಡ್ ಇವು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಪಟ್ಟಿಯ ಹೊರಗಿವೆ. ಕಣ್ಣಿನ ಸುತ್ತ ಬಿಳಿ ಬಳೆ ಇರುವ ಫಿಶರ್ ಲವ್ ಬರ್ಡ್ ಆ ಪಟ್ಟಿಯೊಳಗಿದೆ. ಪಟ್ಟಿಯಲ್ಲಿರುವ ವಿದೇಶಿ ಹಕ್ಕಿ ಮನೆಯಲ್ಲಿದ್ದರೆ 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ನಿಮ್ಮ ಜೋಡಿಗೆ ಅದು ಬೇಕಿಲ್ಲ. ನಿಶ್ಚಿಂತೆಯಿಂದ ಸಾಕಬಹುದು.

ಆದರೆ ಸಾಕಲೇಬೇಕು. ಅವುಗಳ ಮಟ್ಟಿಗೆ ಯೇವೂರಿನ ಕಾಡು ಪರದೇಶ. ಕಾಡಿನ ಬಜರಿಗಾರ್ ಹಸಿರು ಮೈ, ಹಳದಿ ಮುಖದ್ದು. ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನಲ್ಲಿ ಹುಲ್ಲಿನ ಬೀಜ ಹುಡುಕುತ್ತ ಊರೂರು ಅಲೆಯುವ ಹಕ್ಕಿ. ನಿಮ್ಮ ಮನೆಯ ಹಳದಿಯೂ ನೀಲಿಯೂ ಮನುಷ್ಯ ಆರಿಸಿ ಆರಿಸಿ ತಂದ ಬಣ್ಣ. ಆ ಬಣ್ಣ ಹೊತ್ತು ನಮ್ಮ ಜುಲೈ ಮಳೆಯಲ್ಲಿ ಒಂದು ಕೊಂಬೆಯ ಮೇಲೆ ಕೂತರೆ ಗಿಡುಗಕ್ಕೆ ಹುಡುಕುವ ಕೆಲಸವೇ ಇಲ್ಲ. ಯೇವೂರು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಠಾಣೆ ಬದಿ. ಸಾಕಿದ ಹಕ್ಕಿಯನ್ನು ಅಲ್ಲಿ ಬಿಡುವುದು ಅಲ್ಲಿನ ಜೀವಗಳಿಗೂ ಅಪಾಯ. ಸಾಕಿದ ಹಕ್ಕಿಗಳ ಜೊತೆ ಲೋಕವೆಲ್ಲ ಸುತ್ತಿದ ಪಿಬಿಎಫ್‌ಡಿ ಎಂಬ ವೈರಸ್ ಕಾಯಿಲೆ ಇದೆ, ಕೊಕ್ಕು, ಗರಿಗಳನ್ನು ಹಾಳುಮಾಡುತ್ತದೆ. ಅಂಥದ್ದು ಒಂದು ಹಕ್ಕಿಯ ಮೈಮೇಲೆ ಹೋಗಿ ಕಾಡುಗಿಳಿಗಳ ಪೊಟರೆ ಸೇರಿದರೆ ಹಿಂದಕ್ಕೆ ಕರೆಯಲಾಗದು. ಸಿಟಕೋಸಿಸ್ ಎಂಬ ಇನ್ನೊಂದು ರೋಗ ಮನುಷ್ಯರಿಗೂ ಬರುತ್ತದೆ. ಅತ್ತೆಯವರಿಗೆ ಬಿಡದ ಜ್ವರ, ಒಣಕೆಮ್ಮು ಬಂದರೆ ಮನೆಯಲ್ಲಿ ಹಕ್ಕಿ ಇರುವುದನ್ನು ಡಾಕ್ಟರಿಗೆ ಮರೆಯದೆ ಹೇಳಿ. ಸರಿಯಾದ ಆಂಟಿಬಯೋಟಿಕ್‌ಗೆ ಅದು ಬಗ್ಗುತ್ತದೆ. ಹಿಕ್ಕೆಯನ್ನು ಒಣಗಿಸಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

"ಎರಡು ಹಕ್ಕಿ ಬಿಟ್ಟರೆ ಏನಾದೀತು" ಎನ್ನುವವರಿಗೆ ನಾನು ನಮ್ಮ ಗಿಳಿಯದೇ ಕಥೆ ಹೇಳುತ್ತೇನೆ. ಮಿಠ್ಠುವಿನ ಜಾತಿಯ ಕೆಲವು ಡಜನ್ ಗಿಳಿಗಳನ್ನು 1974ರಲ್ಲಿ ಬ್ರಸೆಲ್ಸ್ ನಗರದ ಪಾರ್ಕೊಂದರಿಂದ ಊರಿಗೆ ಬಣ್ಣ ಬರಲೆಂದು ಹೊರಬಿಟ್ಟರು. ಇಂದು ಅಲ್ಲಿ ಅವು ಸಾವಿರ ಸಾವಿರ. ಲಂಡನ್ನಿನಲ್ಲೂ ಹಾಗೆಯೇ. ಸ್ಪೇನಿನ ಸೆವಿಲ್ಲೆ ನಗರದ ಉದ್ಯಾನದಲ್ಲಿ ಈ ಗಿಳಿಗಳು ಅಪರೂಪದ ದೊಡ್ಡ ಬಾವಲಿಯೊಂದನ್ನು ಪೊಟರೆಗಳಿಂದ ಓಡಿಸಿ, ಕಚ್ಚಿ ಕೊಂದದ್ದು ದಾಖಲಾಗಿದೆ. ನಮ್ಮ ಅಂಗಳದ ಗೊರವಂಕವನ್ನು 19ನೇ ಶತಮಾನದಲ್ಲಿ ಹುಳ ತಿನ್ನಲೆಂದು ಆಸ್ಟ್ರೇಲಿಯಾಕ್ಕೆ ಒಯ್ದರು, ಈಗ ಅಲ್ಲಿನ ಹಕ್ಕಿಗಳ ಪೊಟರೆ ಕಿತ್ತುಕೊಳ್ಳುವ ಕಂಟಕ ಅದು. ಇಲ್ಲಿ ನೆಂಟನಾಗಿದ್ದ ಹಕ್ಕಿ ಅಲ್ಲಿ ದರೋಡೆಕೋರ. ಬಿಟ್ಟ ವಿದೇಶಿ ಹಕ್ಕಿಗಳಲ್ಲಿ ಹೆಚ್ಚಿನವು ಸಾಯುತ್ತವೆ. ಸಾಯದೆ ಉಳಿದ ಕೆಲವು ಏನು ಮಾಡುತ್ತವೆ ಎಂಬುದು ಬಿಡುವವರ ಕೈಯಲ್ಲಿಲ್ಲ.

ಬಜರಿಗಾರ್‌ಗಳ ಪಂಜರ ಎತ್ತರಕ್ಕಿಂತ ಉದ್ದ ಇರಲಿ, ಮೂರು ಅಡಿಗೆ ಕಡಿಮೆ ಬೇಡ. ಹಕ್ಕಿ ಅಡ್ಡ ಹಾರುತ್ತದೆ, ಲಿಫ್ಟಿನ ಹಾಗೆ ಮೇಲೆ ಕೆಳಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಕೋಲು ತೆಗೆದು ಪೇರಳೆಯದೋ ನೇರಳೆಯದೋ ದಪ್ಪ, ಸಪೂರ ಕೊಂಬೆಗಳನ್ನು ಕಟ್ಟಿ. ನವಣೆ, ಸಜ್ಜೆಯ ಜೊತೆ ದಿನಾ ಸೊಪ್ಪು ಕೊಡಿ. ಫೋಟೊದಲ್ಲಿ ಮೂಲೆಗೆ ಒಂದು ಮಣ್ಣಿನ ಮಡಕೆ ತೂಗುಹಾಕಿದ್ದೀರಿ, ಅದನ್ನು ತೆಗೆಯಿರಿ. ಮೊಟ್ಟೆ ಇಲ್ಲದ ಸಮಯ ನೋಡಿ ತೆಗೆಯಿರಿ. ಮಡಕೆ ಕಂಡರೆ ಅವಕ್ಕೆ ಗೂಡಿನ ನೆನಪು, ಮೊಟ್ಟೆಯ ಮೇಲೆ ಮೊಟ್ಟೆ. ಹೆಣ್ಣು ಸುಣ್ಣದಂಶ ಕಳೆದುಕೊಂಡು, ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದೂ ಉಂಟು. ಬದುಕಿದರೆ ಎರಡು ಆರಾಗುತ್ತವೆ, ಆರು ಹದಿನೈದಾಗುತ್ತವೆ, ಪಕ್ಕದ ಮನೆಗೆ, ಕ್ಲಾಸಿನ ಮಕ್ಕಳಿಗೆ ಹಂಚುತ್ತೀರಿ. ಬೇಸಿಗೆ ರಜೆಗೆ ಊರಿಗೆ ಹೊರಟಾಗ ಅವರು ಏನು ಮಾಡುತ್ತಾರೆ? ನನ್ನ ಬಳಿ ಬರುವ ಬಿಟ್ಟ ಹಕ್ಕಿಗಳು ಮೇ ತಿಂಗಳಲ್ಲೇ ಹೆಚ್ಚು. ನಿಮಗೆ ಸಾಕಲು ಆಗದಿದ್ದರೆ ನೀವೇ ಹೋಗಿ ನೋಡಿಬರಬಹುದಾದ ಒಂದು ಮನೆಗೆ ಕೊಡಿ, ಜೋಡಿ ಬಿಡಿಸಬೇಡಿ.

ಮೂರನೆಯದು, ಹಾರಿಸಲೆಂದು ಕೊಳ್ಳುವ ಡಜನ್ ಹಕ್ಕಿ. ಇದಕ್ಕೆ ಮಾತ್ರ ನನ್ನ ಉತ್ತರ ಗಟ್ಟಿಯಾದ "ಬೇಡ". ಹಾಗೆ ಮಾರಾಟಕ್ಕೆ ಬರುವುವು ಸಾಮಾನ್ಯವಾಗಿ ರಾಟವಾಳ, ಅಂದರೆ ಮುನಿಯಾ. ಕೆಲವನ್ನು ಬಣ್ಣದಲ್ಲಿ ಅದ್ದಿ ಮಾರುತ್ತಾರೆ. ಹುಲ್ಲುಗಾವಲಿನಲ್ಲಿ ಬಲೆ ಬೀಸಿ ಹಿಡಿದು ತಂದವು. ಎಲ್ಲವೂ ಕಾಯ್ದೆಯ ರಕ್ಷಣೆಯಲ್ಲಿರುವ ನಾಡಹಕ್ಕಿಗಳು, ಕೊಳ್ಳುವುದೂ ಅಪರಾಧ. ನೀವು ಹನ್ನೆರಡು ಕೊಂಡರೆ ವ್ಯಾಪಾರಿ ನಾಳೆ ಇಪ್ಪತ್ತನಾಲ್ಕು ಹಿಡಿಸುತ್ತಾನೆ. ಹಾರಿಸಿದವು ನೀರಡಿಸಿ ಸೋತಿರುತ್ತವೆ, ಸಿಮೆಂಟಿನ ಊರಿನಲ್ಲಿ ಅವಕ್ಕೆ ಹುಲ್ಲಿನ ಬೀಜವೂ ಇಲ್ಲ. ಮತ್ತೆ ಹಿಡಿದು ಅದೇ ಬುಟ್ಟಿಗೆ ತುಂಬುವುದೂ ಇದೆ. ಮಾವನವರ ಹೆಸರಿನಲ್ಲಿ ಇದು ಆಗಬಾರದು.

ಅತ್ತೆಯವರಿಗೆ ಏನು ಹೇಳುವುದು? ನಮ್ಮ ಕಡೆ ಶ್ರಾದ್ಧದ ದಿನ ಹಕ್ಕಿಗೆ ಕೊಡುವ ಕ್ರಮ ಇದ್ದೇ ಇದೆ. ಕಾಗೆ ಮುಟ್ಟಿದರೆ ಹಿರಿಯರು ಒಪ್ಪಿದರು ಎನ್ನುವವರು ನಾವು. ಅದಕ್ಕೆ ಯಾರನ್ನೂ ಹಿಡಿಯಬೇಕಿಲ್ಲ, ಬಿಡಬೇಕಿಲ್ಲ. ಇನ್ನೂ ಏನಾದರೂ ಮಾಡಬೇಕೆಂದಿದ್ದರೆ ನಿಮ್ಮ ಸೊಸೈಟಿಯ ಮಳೆಮರಕ್ಕೆ ಮಾಡಿ. ಸಂಜೆ ಗಿಳಿಗಳು ಅಲ್ಲಿಗೆ ಬರುತ್ತವೆ ಎಂದಿರಿ. ಮಗಳನ್ನು ಕರೆದುಕೊಂಡು ಹೋಗಿ, ಯಾವ ಕೊಂಬೆಯಲ್ಲಿ ಪೊಟರೆ ಇದೆ, ಯಾವುದು ಒಳಗೆ ಹೊಕ್ಕಿತು ಎಂದು ನಾಲ್ಕು ದಿನ ನೋಡಿ ಬರೆದಿಡಿ. ಮಳೆಗಾಲಕ್ಕೆ ಮೊದಲು ಸೊಸೈಟಿಯವರು ಕೊಂಬೆ ಕಡಿಸುವುದು ಏಪ್ರಿಲ್, ಮೇ ತಿಂಗಳಲ್ಲಿ. ಪೊಟರೆಯಲ್ಲಿ ಮರಿಗಳಿರುವುದೂ ಆಗಲೇ. ಸೆಕ್ರೆಟರಿಯವರ ಬಳಿ ಈಗಲೇ ಮಾತಾಡಿ. ಅಪಾಯವಿಲ್ಲದ ಒಣಕೊಂಬೆಯಾದರೆ ಉಳಿಯಲಿ. ಕಡಿಯಲೇಬೇಕಾದರೆ ಮರಿ ಹಾರಿದ ಮೇಲೆ ಕಡಿಯಲಿ. ಮಹಾರಾಷ್ಟ್ರದ 1975ರ ನಗರ ಮರ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ಪಾಲಿಕೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರ್ಜಿಯ ಜೊತೆ ನಿಮ್ಮ ಮಗಳ ಟಿಪ್ಪಣಿಯೂ ಹೋಗಲಿ. ಮಿಠ್ಠುವನ್ನು ಕಿತ್ತು ತಂದ ಪೊಟರೆ ನಮಗೆ ಗೊತ್ತಿಲ್ಲ. ಇದೊಂದು ಗೊತ್ತಿದೆಯಲ್ಲ, ಇದನ್ನು ಕಾಯಬಹುದು.

ಮಿಠ್ಠು ಹೋದ ಮೇಲೆ ಮನೆ ಖಾಲಿ ಅನ್ನಿಸುತ್ತದೆ. ಆಗ ಯಾರಾದರೂ "ಆಫ್ರಿಕನ್ ಗ್ರೇ ತನ್ನಿ, ಚೆನ್ನಾಗಿ ಮಾತಾಡುತ್ತದೆ" ಎಂದರೆ ದಯವಿಟ್ಟು ಒಪ್ಪಬೇಡಿ. 2017ರಿಂದ ಅದು ಸೈಟಿಸ್‌ನ ಮೊದಲ, ಅಂದರೆ ಅತಿ ಬಿಗಿಯಾದ, ಪಟ್ಟಿಯಲ್ಲಿದೆ, ಅಷ್ಟು ಬಡವಾಗಿದೆ ಅದರ ಕಾಡು. ನಾಲ್ಕು ದಶಕ ಬದುಕಬಲ್ಲ ಹಕ್ಕಿ, ಒಂಟಿತನಕ್ಕೆ ಮಿಠ್ಠುವಿಗಿಂತ ಬೇಗ ಪುಕ್ಕ ಕೀಳುತ್ತದೆ.

ಕೊನೆಗೆ "ಪೇಪರ್ ಬಂತಾ" ಎಂಬ ಆ ದನಿ. ನಿಮ್ಮ ಮನೆಯವರಿಗೆ ನಿಜವಾಗಿ ಬಿಡಲು ಕಷ್ಟವಾಗಿರುವುದು ಅದನ್ನೇ ಎಂದು ಪತ್ರದಲ್ಲಿ ತಿಳಿಯಿತು. ಒಪ್ಪಿಸುವಾಗ ಹಳೆಯ ಪಂಜರವನ್ನೂ ಜೊತೆಗೆ ಕೊಡಿ, ಕೆಲವು ದಿನ ಅದಕ್ಕೆ ಗುರುತಿನ ಜಾಗ ಬೇಕು. ಏನು ತಿನ್ನುತ್ತದೆ, ಎಷ್ಟು ಹೊತ್ತಿಗೆ ಪಂಜರಕ್ಕೆ ಬಟ್ಟೆ ಹೊದಿಸುತ್ತೀರಿ, ಯಾರ ಕೈಗೆ ಬರುತ್ತದೆ, ಯಾವ ಮಾತಾಡುತ್ತದೆ, ಎಲ್ಲವನ್ನೂ ಬರೆದುಕೊಡಿ. ಅದನ್ನು ಮತ್ತೆ ಹೊರಬಿಡಬಹುದು ಎಂದು ಅವರಿಗೆ ಅನ್ನಿಸಿದರೆ ಮನುಷ್ಯರ ಮಾತಿನಿಂದ ಅದನ್ನು ದೂರ ಇಡುತ್ತಾರೆ. ಹಿಂಡಿನ ಕೂಗು ಹೆಚ್ಚಾದ ಹಾಗೆ ಮಾವನವರ ಮಾತು ಅದರ ಬಾಯಿಂದ ಕಡಿಮೆಯಾಗುತ್ತ ಹೋಗಬಹುದು. ಆದ್ದರಿಂದ ನಾಳೆ ಬೆಳಿಗ್ಗೆ ಪೇಪರಿನ ಹುಡುಗ ಬರುವ ಹೊತ್ತಿಗೆ ಸ್ವಲ್ಪ ಮೊದಲು ಟಿವಿ, ಮಿಕ್ಸಿ ಎಲ್ಲ ನಿಲ್ಲಿಸಿ, ಫೋನನ್ನು ಪಂಜರದ ಹತ್ತಿರ ಇಟ್ಟು ರೆಕಾರ್ಡ್ ಮಾಡಿ. ಒಂದು ದಿನಕ್ಕೆ ಸಿಗದಿದ್ದರೆ ನಾಲ್ಕು ದಿನ ಮಾಡಿ. ಅತ್ತೆಯವರೂ ಹತ್ತಿರ ಕೂತಿರಲಿ.